ಮಾತಿನ ಸಂದಿಗೆ ಕಾದವರು

ಅವರು ತೀರಿಕೊಂಡ ಮರುದಿನ ಆಫೀಸಿನ ಮುಂದೆ ಕಟ್ಟುವ ಶ್ರದ್ಧಾಂಜಲಿ ಬ್ಯಾನರಿಗೆ ಒಂದು ಫೋಟೋ ಬೇಕಾಯಿತು. ನನ್ನ ಮೊಬೈಲಿನಲ್ಲಿ ಹುಡುಕಿದೆ. ಆಯುಧಪೂಜೆಯದು, ಮಾಲೀಕರ ಮಗಳ ಮದುವೆಯದು, ಕಡ್ಡಿರಾಂಪುರದಲ್ಲಿ ಟವರ್ ನಿಲ್ಲಿಸಿದ ದಿನದ್ದು. ಎಲ್ಲದರಲ್ಲೂ ಅವರಿದ್ದಾರೆ, ಎಲ್ಲದರಲ್ಲೂ ಬಾಯಿ ಅರ್ಧ ತೆರೆದಿದೆ. ಏನೋ ಹೇಳಲು ಹೊರಟು, ಅಷ್ಟರಲ್ಲಿ ಪಕ್ಕದವನು ಶುರು ಮಾಡಿದನೆಂದು ತಡೆದುಕೊಂಡ ಮುಖ. ಬ್ಯಾನರ್ ಅಂಗಡಿಯವನು, “ಬಾಯಿ ಮುಚ್ಚಿದ್ದು ಒಂದೂ ಇಲ್ಲೇನ್ರಿ ಮೇಡಂ?” ಅಂದ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅವರ ಬಾಯಿ ಮುಚ್ಚಿಸುವ ಕೆಲಸವನ್ನು ಅವರಿದ್ದಾಗಲೇ ನಾವು ಸಾಕಷ್ಟು ಮಾಡಿದ್ದೆವು.

ನಮ್ಮದು ಹೊಸಪೇಟೆಯಲ್ಲಿ ಒಂದು ಸಣ್ಣ ಇಂಟರ್‌ನೆಟ್ ಕಂಪನಿ. ತಂತಿ ಎಳೆಯಲಾಗದ ಕಡೆ ಗಾಳಿಯ ಮೇಲೇ ನೆಟ್ ಕೊಡುತ್ತೇವೆ. ಟವರಿನ ಮೇಲೊಂದು ಪೆಟ್ಟಿಗೆ, ಗಿರಾಕಿಯ ಮಾಳಿಗೆಯ ಮೇಲೊಂದು ಡಿಶ್, ಎರಡೂ ಮುಖಾಮುಖಿ. ಹಂಪಿ ರಸ್ತೆಯ ಹೋಂಸ್ಟೇಗಳು, ಬಾಳೆತೋಟದೊಳಗಿನ ಮನೆಗಳು ನಮ್ಮ ಗಿರಾಕಿಗಳು. ನಾನು ಫೋನ್ ಎತ್ತುವವಳು. “ನೆಟ್ ಬರವಲ್ದು” ಎಂಬ ಮಾತನ್ನು ನನ್ನಷ್ಟು ಸಲ ಕೇಳಿದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಗಿರಾಕಿ ಒಂದು ಮಾತಾಡುವುದರೊಳಗೆ ಎರಡು ಮಾತಾಡಿ ಫೋನಿಡುವುದು ನನ್ನ ಅಭ್ಯಾಸ. ತೀರಿಕೊಂಡವರು ನಮ್ಮ ಹಿರಿಯ ಟೆಕ್ನಿಷಿಯನ್. ಎಲ್ಲರಿಗೂ ಅವರು ‘ಸರ್’. ಮಾಲೀಕರು ಕೂಡ ಹಾಗೇ ಕರೆಯುತ್ತಿದ್ದರು, ಸಂಬಳ ಕೊಡುವಾಗ ಮಾತ್ರ ಅದನ್ನು ಮರೆಯುತ್ತಿದ್ದರು.

ಮರಿಯಮ್ಮನಹಳ್ಳಿ ಕಡೆಯವರು. ನಮ್ಮಲ್ಲಿಗೆ ಬರುವ ಮೊದಲು ಸಂಡೂರಿನ ಗುಡ್ಡದ ಮೇಲೆ ಗಣಿಯೊಂದರಲ್ಲಿ ವಾಕಿಟಾಕಿ ರಿಪೇರಿ ಮಾಡುತ್ತಿದ್ದರು. ಅದಿರಿನ ಕೆಂಪು ಧೂಳು ಅವರ ಹಳೇ ಟೂಲ್‌ಬ್ಯಾಗಿನ ಹೊಲಿಗೆಯಲ್ಲಿ ಕೊನೆಯ ತನಕ ಇತ್ತು. ಅಲ್ಲಿ ಡ್ರೈವರುಗಳೆಲ್ಲ ಒಟ್ಟಿಗೆ ಗುಂಡಿ ಒತ್ತಿ ಮಾತಾಡಿದರೆ ಯಾರ ಮಾತೂ ಯಾರಿಗೂ ತಿಳಿಯದೆ ಬರೀ ಕರಕರ ಸದ್ದು ಬರುತ್ತಿತ್ತಂತೆ. “ಒತ್ತೋಕಿಂತ ಮೊದಲ ಕೇಳ್ರಪ್ಪಾ ಅಂತ ಬಡಕೊಂತಿದ್ದೆ. ಅದನ್ನ ಹೇಳಾಕೂ ಗುಂಡಿ ಒತ್ತಬೇಕಲ್ಲ, ಅಷ್ಟರಾಗ ಇನ್ನೊಬ್ಬ ಒತ್ತಿರತಿದ್ದ” ಎಂದು ನಗುತ್ತಿದ್ದರು. ಬಹುಶಃ ಆ ಗುಡ್ಡದಿಂದಲೇ ಅವರಿಗೆ ಈ ಕಾಯುವ ಚಟ ಅಂಟಿತ್ತು. ಅವರು ಯಾರ ಮಾತಿನ ನಡುವೆಯೂ ಬಾಯಿ ಹಾಕುತ್ತಿರಲಿಲ್ಲ. ಸಂದಿ ಸಿಗುವ ತನಕ ಕಾಯುವವರು. ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿದ್ದರೂ ಅದು ಮುಗಿದ ಮೇಲೇ ಮಾತು ಮುಂದುವರಿಸುತ್ತಾರೆಂದು ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ ದೂರಿದ್ದರು.

ನಮ್ಮ ಆಫೀಸಿನ ಮೆಟ್ಟಿಲು ಇಕ್ಕಟ್ಟು. ಒಂದು ದಿನ ನೀರಿನ ಕ್ಯಾನ್ ಹೊತ್ತವನು ಮೇಲೆ ಬರುತ್ತಿದ್ದ, ಇವರು ಕೆಳಗೆ ಇಳಿಯುತ್ತಿದ್ದರು. ಇಬ್ಬರೂ ನಿಂತರು, ಇಬ್ಬರೂ ಒಟ್ಟಿಗೆ ಹೊರಟರು, ಮತ್ತೆ ನಿಂತರು. ಬಾಗಿಲಲ್ಲಿ ನಿಂತು ನಾನು ನಗುತ್ತಿದ್ದೆ. ಆತ ದಾಟಿ ಹೋದ ಮೇಲೆ ಸರ್ ಅಲ್ಲೇ ಪಾಠ ಶುರು ಮಾಡಿದರು.

“ನಮ್ಮ ಪೆಟಿಗಿ ಮಾಡೂದೂ ಇದನ್ನ ನೋಡು ತಂಗಿ. ಗಾಳಿ ಒಂದ, ಬಾಯಿ ಭಾಳ. ಅದಕ್ಕ ಪ್ರತಿಯೊಂದು ಪೆಟಿಗಿ ಮಾತಾಡೂ ಮುಂದ ಕಿವಿಗೊಟ್ಟು ಕೇಳತೈತಿ. ಬ್ಯಾರೆ ಯಾರರೆ ಮಾತಾಡ್ತಿದ್ರ ಸುಮ್ಮನಿರತೈತಿ. ಅವ್ರದು ಮುಗೀತು ಅಂತ ಕಾಯ್ಕೊಂತ ನಿಂತವ್ರೆಲ್ಲ ಒಮ್ಮೆಲೆ ಶುರು ಮಾಡಿದ್ರ ಮತ್ತ ಡಿಕ್ಕಿ. ಅದಕ್ಕ ಒಂದೊಂದು ಪೆಟಿಗಿ ತನಗ ತಿಳಿದಷ್ಟು ಹೊತ್ತು ಸುಮ್ನ ಎಣಸತೈತಿ. ಯಾರ ಎಣಿಕಿ ಮೊದಲ ಮುಗೀತೋ ಅವ್ರು ಹೋಗೂದು. ಮತ್ತೂ ಡಿಕ್ಕಿ ಆದ್ರ ಇನ್ನೂ ಜಾಸ್ತಿ ಹೊತ್ತು ಕಾಯೂದು.”

“ಡಿಕ್ಕಿ ಆತು ಅಂತ ಅದಕ್ಕ ಹೆಂಗ ಗೊತ್ತಾಗತೈತ್ರಿ?” ಅಂದೆ.

“ಗೊತ್ತಾಗಂಗಿಲ್ಲ. ಮಾತಾಡೂ ಮುಂದ ಅದಕ್ಕ ಕಿವಿ ಕೇಳಂಗಿಲ್ಲ. ಆ ಕಡಿಂದ ‘ಮುಟ್ತು’ ಅಂತ ಸಣ್ಣದೊಂದು ಉತ್ತರ ಬರಬೇಕು. ಬರಲಿಲ್ಲ ಅಂದ್ರ ಮುಟ್ಟಿಲ್ಲ ಅಂತ ತಿಳಕೊಂಡು ಮತ್ತ ಕಳಸೂದು.” ಎರಡು ಮೆಟ್ಟಿಲು ಇಳಿದು ತಿರುಗಿ, “ನಿನಗೂ ಅದಕ್ಕೂ ಮಾತಾಡೂ ಮುಂದ ಕಿವಿ ಕೇಳಂಗಿಲ್ಲ ನೋಡು” ಎಂದು ಸೇರಿಸಿ ಇಳಿದು ಹೋದರು. ನನ್ನನ್ನು ಅವರಷ್ಟು ಮೆತ್ತಗೆ ಬೈದವರು ಯಾರೂ ಇಲ್ಲ.

ಇಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸಲ ಇನ್ನೊಬ್ಬರ ಮಾತು ಕಡಿದು ಕೂಗಿದರು. ನಾನು ಪಕ್ಕದಲ್ಲೇ ಇದ್ದೆ.

ಆ ಚಳಿಗಾಲ ಕಡ್ಡಿರಾಂಪುರದ ಹೋಂಸ್ಟೇಗಳಿಂದ ಒಂದೇ ಸಮನೆ ಫೋನು. ಹಗಲೆಲ್ಲ ನೆಟ್ ಸರಿ ಇರುತ್ತದೆ. ಸಂಜೆ ಪ್ರವಾಸಿಗರು ಹಂಪಿ ಸುತ್ತಿ ಬಂದು, ಕಾಲು ಚಾಚಿ ಕೂತು, ತೆಗೆದ ಫೋಟೋ ವಿಡಿಯೋಗಳನ್ನೆಲ್ಲ ತಮ್ಮ ತಮ್ಮ ಊರಿಗೆ ಕಳಿಸಲು ಶುರು ಮಾಡಿದರೆ ಸತ್ತುಹೋಗುತ್ತದೆ. ಊರಿನ ಪಕ್ಕ ದೊಡ್ಡದೊಂದು ಬಂಡೆಗುಡ್ಡವಿದೆ. ಅದರ ಈಚೆಗೆ ಒಂದಿಷ್ಟು ಹೋಂಸ್ಟೇ, ಆಚೆಗೆ ಒಂದಿಷ್ಟು. ನಮ್ಮ ಟವರಿಗೆ ಎರಡೂ ಕಡೆ ಕಾಣುತ್ತದೆ. ಸರ್ ಈಚೆಯ ಮಾಳಿಗೆಯ ಮೇಲೆ ಕೂತು ಗಾಳಿಯನ್ನು ಪರೀಕ್ಷಿಸಿದರು. ಯಾರ ಗದ್ದಲವೂ ಇಲ್ಲ. ಆಚೆಯ ಮಾಳಿಗೆಯಲ್ಲಿ ನೋಡಿದರು, ಅಲ್ಲೂ ಇಲ್ಲ. ಟವರ್ ಹತ್ತಿ ನೋಡಿದರೆ ಎಲ್ಲ ಕಲಸುಮೇಲೋಗರ. ನಮ್ಮವರೆಲ್ಲ ಸರದಿ ತಪ್ಪದೆ ಮಾತಾಡುತ್ತಿದ್ದೂ ಟವರಿನ ಕಿವಿ ಕಿತ್ತುಹೋಗುತ್ತಿದೆ ಅಂದರೆ ಹೊರಗಿನವರು ಯಾರೋ ನಮ್ಮ ಮೇಲೆ ಅರಚುತ್ತಿದ್ದಾರೆ ಎಂದು ತೀರ್ಮಾನಿಸಿದರು.

ಹೊರಗಿನವರು ಅಂದರೆ ವೀರೇಶಣ್ಣ. ಕಮಲಾಪುರದ ಕಡೆಯಿಂದ ನಮ್ಮ ಹಾಗೇ ಗಾಳಿಯ ನೆಟ್ ಕೊಡುತ್ತಿದ್ದ ಇನ್ನೊಬ್ಬ ಆಪರೇಟರ್. ನಮ್ಮ ಈ ದಂಧೆಯಲ್ಲಿ ಒಂದು ಪದ್ಧತಿ ಇತ್ತು. ಯಾರೇ ಹೊಸ ಡಿಶ್ ಕಟ್ಟುವ ಮೊದಲು ಅಕ್ಕಪಕ್ಕದ ಆಪರೇಟರುಗಳ ಹತ್ತಿರ ಹೋಗಿ, ಚಹಾ ಕುಡಿದು, ‘ಈ ಕಡೆ ಯಾವ ಚಾನೆಲ್ ಹಾಕ್ಕೊಳ್ಳಲಿ?’ ಎಂದು ಕೇಳುವುದು. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಮಾತಾಡಿದರೆ ಡಿಕ್ಕಿ, ಬೇರೆ ಬೇರೆಯಾದರೆ ತೊಂದರೆಯಿಲ್ಲ. ಕಾಗದವಿಲ್ಲ, ಸಹಿಯಿಲ್ಲ, ಬಾಯಿಮಾತೇ ಎಲ್ಲ. ಈ ಪದ್ಧತಿಯನ್ನು ಶುರು ಮಾಡಿದವರೇ ಸರ್. ಆ ಸೀಸನ್ನಿನಲ್ಲಿ ವೀರೇಶಣ್ಣ ಕಡ್ಡಿರಾಂಪುರದಲ್ಲಿ ಒಂದು ಡಿಶ್ ಕಟ್ಟಿದ್ದರು, ಕೇಳಿರಲಿಲ್ಲ. ಅಷ್ಟೇ ಅವರ ತಪ್ಪು.

ರಸ್ತೆ ಬದಿ ಒಂದು ಮಿರ್ಚಿ ಮಂಡಕ್ಕಿ ಅಂಗಡಿಯಿದೆ. ಸಂಜೆ ಹೋಂಸ್ಟೇಯವರೆಲ್ಲ ಅಲ್ಲಿ ಸೇರುತ್ತಾರೆ. ಗಿರಾಕಿಗಳು ಜವಾಬ್ದಾರಿ ಇರುವವರು ಬರಬೇಕೆಂದು ಹಟ ಹಿಡಿದಿದ್ದರಿಂದ ಸರ್ ಮತ್ತು ನಾನು ಹೋಗಿದ್ದೆವು. ವೀರೇಶಣ್ಣನೂ ಅಲ್ಲಿ ನಿಂತಿದ್ದರು. ಸುತ್ತಲಿದ್ದವರು ಒಬ್ಬರ ಮೇಲೊಬ್ಬರು ಸರ್ ಮೇಲೆ ಬಿದ್ದರು. ದುಡ್ಡು ತಗೊಂಡು ನೆಟ್ ಕೊಡಲ್ಲ, ನಿಮಗೆ ಕೆಲಸ ಬರಲ್ಲ, ವಯಸ್ಸಾಯಿತು ಮನೆಯಲ್ಲಿರಿ ಅಂದರು. ಸರ್ ಮುಖ ಕೆಂಪಗಾಯಿತು.

“ಸರ್, ನನ್ನ ಡಿಶ್ ಬ್ಯಾರೆ ಚಾನೆಲ್‌ನ್ಯಾಗ...” ಎಂದು ವೀರೇಶಣ್ಣ ಶುರು ಮಾಡಿದ್ದರು.

“ಬಾಯಿ ಮುಚ್ಚು ಲೇ!” ಅಂದರು ಸರ್. “ಕಿವಿ ಬಂದ್ ಮಾಡಿ ಬರೇ ಅರಚೂ ಹಂಗ ಪೆಟಿಗಿ ಸೆಟ್ ಮಾಡಿ, ಇನ್ನೊಬ್ರ ಅನ್ನಕ್ಕ ಮಣ್ಣು ಹಾಕಿ ನೆಟ್ ಮಾರತೀಯಲ್ಲ, ಕಳ್ಳ ಅದೀ ನೀನು!”

ವೀರೇಶಣ್ಣ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಯಲ್ಲಿಟ್ಟು ಗಾಡಿ ಹತ್ತಿ ಹೋದರು. ಸುತ್ತಲಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಎಂದೂ ದನಿ ಎತ್ತದ ಮನುಷ್ಯ ಕಳ್ಳ ಅಂದರೆ ಕಳ್ಳನೇ ಇರಬೇಕು ಅಂದುಕೊಂಡರು. ಒಂದೆರಡು ವಾರದಲ್ಲಿ ವೀರೇಶಣ್ಣನ ಗಿರಾಕಿಗಳು ಒಬ್ಬೊಬ್ಬರೇ ನನಗೆ ಫೋನ್ ಮಾಡಿ ನಮ್ಮ ಕನೆಕ್ಷನ್ ತೆಗೆದುಕೊಂಡರು. ನಾನು ಖುಷಿಯಿಂದ ವಿಳಾಸ ಕೇಳಿಕೊಂಡೆ. ಬೇಸಿಗೆಗೆ ಮೊದಲೇ ವೀರೇಶಣ್ಣ ಅಂಗಡಿ ಮುಚ್ಚಿ, ಡಿಶ್‌ಗಳನ್ನೆಲ್ಲ ಇಳಿಸಿ, ಕಂಪ್ಲಿಯಲ್ಲಿ ತಮ್ಮ ಭಾವನ ರೈಸ್ ಮಿಲ್ಲಿಗೆ ಮಿಷನ್ ನೋಡಿಕೊಳ್ಳಲು ಹೋದರು.

ಡಿಶ್‌ಗಳು ಇಳಿದ ಮೇಲೂ ಸಂಜೆ ನೆಟ್ ಸಾಯುವುದು ನಿಲ್ಲಲಿಲ್ಲ.

ಮೊದಲ ಬಾರಿ ನಾನದನ್ನು ಹೇಳಿದಾಗ ಸರ್ ಟೂಲ್‌ಬ್ಯಾಗ್ ತೆಗೆದುಕೊಂಡು ಹೋದರು. ಮರುದಿನ ಬಂದವರು ನನ್ನ ಮೇಜಿನ ಮುಂದೆ ಕೂತರು. ಹಿಂದಿನ ಸಂಜೆ ಬಂಡೆಯ ಆಚೆ ಬದಿಗೆ ಕರೆಂಟ್ ಹೋಗಿತ್ತಂತೆ. ಆಚೆಯ ಡಿಶ್‌ಗಳು ಬಂದ್ ಆದ ಕೂಡಲೇ ಈಚೆ ಬದಿಯ ನೆಟ್ ಹಾಲಿನ ಹಾಗೆ ಹರಿದಿದೆ. ಆಚೆ ಕರೆಂಟ್ ಬಂದದ್ದೇ ಮತ್ತೆ ಎರಡೂ ಕಡೆ ಸತ್ತಿದೆ.

“ನಮ್ಮ ಗಿರಾಕಿಗಳ ಡಿಶ್ಶ ತಂಗಿ, ಒಂದಕ್ಕೊಂದು ಡಿಕ್ಕಿ ಹೊಡ್ಯಾಕತ್ತಿದ್ದುವು. ನಡುವ ಬಂಡೆಗುಡ್ಡ ಐತಿ. ಆಚಿದು ಮಾತಾಡಿದ್ದು ಈಚಿದಕ್ಕ ಕೇಳಂಗಿಲ್ಲ. ಎರಡೂ ಪಾಪ ಕಿವಿಗೊಟ್ಟು ಕೇಳತಾವು, ಯಾರೂ ಇಲ್ಲ ಅಂತ ತಿಳಕೊಂಡು ಮಾತು ಶುರು ಮಾಡತಾವು. ಟವರಿಗೆ ಎರಡೂ ಒಮ್ಮೆಲೆ ಬಂದು ಬೀಳತಾವು.” ಬೆರಳುಗಳಿಂದ ಮೇಜಿನ ಅಂಚನ್ನು ಒತ್ತುತ್ತಾ ಕೂತರು. “ನಾನೂ ಹಂಗ ಮಾಡಿದೆ. ಈಚಿ ಮಾಳಿಗಿ ಮ್ಯಾಲ ಕುಂತು ಕೇಳಿದೆ, ಆಚಿ ಮಾಳಿಗಿ ಮ್ಯಾಲ ಕುಂತು ಕೇಳಿದೆ. ನನಗ ಕೇಳಲಿಲ್ಲ ಅಂದ್ರ ಯಾರೂ ಮಾತಾಡವಲ್ರು ಅಂತ ಅಂದ್ಕೊಂಡೆ. ಎಲ್ಲಾರಿಗೂ ಕೇಳ್ರಿ ಕೇಳ್ರಿ ಅಂತ ಹೇಳಾಂವ ನಾನು.”

ಅದಕ್ಕೆ ಪರಿಹಾರ ಬಹಳ ಸುಲಭವಿತ್ತು. ಪೆಟ್ಟಿಗೆಗಳ ಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಡಿಶ್ ನೇರವಾಗಿ ಮಾತು ಶುರು ಮಾಡುವುದಿಲ್ಲ, ‘ಮಾತಾಡಲಾ?’ ಎಂದು ಟವರನ್ನು ಚುಟುಕಾಗಿ ಕೇಳುತ್ತದೆ. ಟವರ್ ‘ಸರಿ, ನೀನು ಹೇಳು’ ಅನ್ನುತ್ತದೆ. ಟವರಿನ ಮಾತು ಬಂಡೆಯ ಎರಡೂ ಬದಿಗೆ ಕೇಳುವುದರಿಂದ ಉಳಿದವು ಅಷ್ಟು ಹೊತ್ತು ತೆಪ್ಪಗಿರುತ್ತವೆ. ಕೇಳಿಸಿಕೊಳ್ಳಬೇಕಾದವನೇ ಬಾಯಿಬಿಟ್ಟು ಜಾಗ ಕೊಡಬೇಕು, ಅಷ್ಟೇ ಉಪಾಯ. ಸರ್ ಕೂತಲ್ಲೇ ಅದನ್ನು ಮಾಡಿ ಮುಗಿಸಿದರು. ಆ ಸಂಜೆ ಕಡ್ಡಿರಾಂಪುರದಿಂದ ಒಂದೂ ಫೋನ್ ಬರಲಿಲ್ಲ. ಸರ್ ಮಾತ್ರ ಮನೆಗೆ ಹೋಗದೆ ಬಹಳ ಹೊತ್ತು ಅಲ್ಲೇ ಕೂತಿದ್ದರು.

ಮರುದಿನ ಮಾಲೀಕರ ಹತ್ತಿರ ಹೋಗಿ, ಹೋಂಸ್ಟೇಯವರ ವಾಟ್ಸಾಪ್ ಗುಂಪಿನಲ್ಲಿ ನಿಜ ಏನೆಂದು ಹಾಕಬೇಕು ಅಂದರು. ಮಾಲೀಕರು ನಕ್ಕರು. “ಬಂದ ಗಿರಾಕಿನ ನಾವ ಬಾಗಲಾ ತಗದು ಹೊರಗ ಕಳಸೂದೇನ್ರಿ ಸರ್? ಆತನರ ಈಗ ಎಲ್ಲಿ ಅದಾನ? ಬಿಟ್ಟಬಿಡ್ರಿ ಅತ್ಲಾಗ.” ಸರ್ ಬಾಯಿ ತೆರೆದರು. ಅಷ್ಟರಲ್ಲಿ ಮಾಲೀಕರ ಫೋನ್ ಬಡಿದುಕೊಂಡಿತು. ಅವರು ಮಾತು ಮುಗಿಸುವ ತನಕ ಸರ್ ನಿಂತೇ ಇದ್ದರು. ಮುಗಿಸಿ ಮಾಲೀಕರು ಕಾರು ಹತ್ತಿದರು. ನಾವೆಲ್ಲ ಕಂಪ್ಯೂಟರ್ ನೋಡುತ್ತಾ ಕೂತಿದ್ದೆವು.

ಹಾಗೆಂದು ಅವರು ಬಿಡಲಿಲ್ಲ. ಬೈದದ್ದು ಮಂಡಕ್ಕಿ ಅಂಗಡಿಯ ಮುಂದೆ, ತಪ್ಪೊಪ್ಪಿಕೊಳ್ಳುವುದೂ ಅಲ್ಲೇ ಆಗಬೇಕು ಎಂದು ಸಂಜೆ ಸಂಜೆ ಅಲ್ಲಿಗೆ ಹೋಗತೊಡಗಿದರು. ಹೋಗುವುದು, ಒಂದು ಮಂಡಕ್ಕಿ ಹೇಳುವುದು, ಮಾತಿನ ಸಂದಿಗಾಗಿ ಕಾಯುವುದು. ಕ್ರಿಕೆಟ್ಟು ಮುಗಿದರೆ ರಾಜಕೀಯ, ರಾಜಕೀಯ ಮುಗಿದರೆ ಡ್ಯಾಮಿನ ನೀರು. ಸುಮ್ಮನೆ ಬಂದುಬಿಡುವರು. “ಇವತ್ತೂ ಆಗಲಿಲ್ಲೇನ್ರಿ ಸರ್?” ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಒಂದು ಸಂಜೆ ಹಣ ವಸೂಲಿಗೆಂದು ಆ ಕಡೆ ಹೋದವಳು ನಾನೂ ಅಲ್ಲಿದ್ದೆ. ಎಲ್ಲರೂ ಬಿಸಿ ಮಿರ್ಚಿ ಬಾಯಿಗಿಟ್ಟ ಗಳಿಗೆ ಅವರಿಗೆ ಸಂದಿ ಸಿಕ್ಕಿತು. ಎದ್ದು ನಿಂತರು.

“ನೋಡ್ರಿ, ಅವತ್ತು ನಾ ಇಲ್ಲಿ ವೀರೇಶಗ ಕಳ್ಳ ಅಂದಿದ್ದೆ. ತಪ್ಪು ಅವ್ನದಾಗಿರಲಿಲ್ಲ. ನಮ್ದಾಗಿತ್ತು.”

ಒಬ್ಬ ಮಿರ್ಚಿ ನುಂಗಿ, “ಹೋಗ್ಲಿ ಬಿಡ್ರಿ ಸರ್, ಈಗ ನೆಟ್ ಮಸ್ತ್ ಐತಿ” ಅಂದ. ಇನ್ನೊಬ್ಬ, “ಅದಿರ್ಲಿ, ನಮ್ ಮ್ಯಾಲಿನ ರೂಮಿಗೆ ಸಿಗ್ನಲ್ ಬರವಲ್ದು, ಯಾವಾಗ ಬರ್ತೀರಿ?” ಅಂದ. ಯಾರೋ ನಕ್ಕರು. ಮತ್ತೆ ಡ್ಯಾಮಿನ ನೀರು ಶುರುವಾಯಿತು. ಕೈಯಲ್ಲಿ ಮಂಡಕ್ಕಿ ಪೊಟ್ಟಣ ಹಿಡಿದು ನಿಂತಿದ್ದ ಅವರನ್ನು ನೋಡಲಾರದೆ ನಾನು ಸ್ಕೂಟಿಯ ಕನ್ನಡಿ ಸರಿಮಾಡುವವಳ ಹಾಗೆ ಆ ಕಡೆ ತಿರುಗಿದೆ. ಇವರ ಜೊತೆ ಬಂದವಳೆಂದು ಜನ ಅಂದುಕೊಂಡಾರು ಎಂದು ನನಗೆ ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ನೆನೆದು ಈಗ ನಾಚುತ್ತೇನೆ.

ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಮರೆತರೆಂದು ನಾವು ತಿಳಿದೆವು. ರಜೆ ಬಂದರೆ ಕಂಪ್ಲಿ ಬಸ್ಸು ಹತ್ತುವುದು ಮಾತ್ರ ಹೊಸದಾಗಿ ಶುರುವಾಯಿತು. ಬರುವಾಗ ಒಂದು ಕೈಚೀಲ ನುಚ್ಚಕ್ಕಿ ತರುತ್ತಿದ್ದರು, ಒಮ್ಮೊಮ್ಮೆ ನಮಗೂ ಹಂಚುತ್ತಿದ್ದರು. “ಕಂಪ್ಲಿ ಅಕ್ಕಿ ಭಾಳ ಚಲೋ ಐತಿ ತಂಗಿ” ಎನ್ನುವರು. ಸರ್ ಅಕ್ಕಿ ವ್ಯಾಪಾರಕ್ಕೆ ಇಳಿದಿದ್ದಾರೆ ಎಂದು ಆಫೀಸಿನಲ್ಲಿ ತಮಾಷೆ. ಆ ನುಚ್ಚಿನಲ್ಲಿ ನಾನು ಎಷ್ಟೋ ಸಲ ಉಪ್ಪಿಟ್ಟು ಮಾಡಿ ತಿಂದಿದ್ದೇನೆ.

ಎದೆನೋವು ಅಂದವರು ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ ನನಗೆ ಫೋನ್ ಮಾಡಿ, “ಕಂಪ್ಲಿ ಮಿಲ್ಲಿನವರಿಗೆ ಯಾರೂ ಸುದ್ದಿ ಮುಟ್ಟಿಸಿಲ್ಲ ಅನಸತೈತಿ. ನಮ್ಮವರು ಮನಸಾರೆ ಹೋಗಿ ಬರತಿದ್ದ ಜಾಗ ಅದೊಂದ ಆಗಿತ್ತವ್ವಾ” ಅಂದರು. ಯಾವ ಮಿಲ್ಲು ಎಂದು ಕೇಳಿದ ಮೇಲೆ ನನಗೆ ಹೊಳೆಯಿತು, ಅದು ವೀರೇಶಣ್ಣ ಸೇರಿದ ಮಿಲ್ಲು. ಭಾನುವಾರ ಬಸ್ಸು ಹತ್ತಿದೆ.

ಮಿಲ್ಲಿನೊಳಗೆ ಕಾಲಿಟ್ಟರೆ ಕಿವಿ ಗಡಚಿಕ್ಕುವ ಸದ್ದು. ತವುಡಿನ ಧೂಳಿನಲ್ಲಿ ವೀರೇಶಣ್ಣ ಬಿಳಿಯ ರೆಪ್ಪೆಗಳ ಮುದುಕನಂತೆ ಕಂಡರು. ನನ್ನ ಗುರುತು ಹಿಡಿದರು. “ಸರ್ ಹೋದರು” ಎಂದು ಕೂಗಿದೆ. ಕೇಳಿಸಲಿಲ್ಲ ಎಂದು ಕೈ ಆಡಿಸಿದರು. ಮತ್ತೆ ಕೂಗಿದೆ. ನನ್ನ ಮುಖವನ್ನೊಮ್ಮೆ ನೋಡಿ, ಹೋಗಿ ಸ್ವಿಚ್ ಇಳಿಸಿದರು. ಬೆಲ್ಟುಗಳು ತಿರುಗಿ ತಿರುಗಿ ನಿಂತವು.

“ಸರ್ ತೀರಿಕೊಂಡ್ರು ವೀರೇಶಣ್ಣ.”

ಅವರು ಮೂಲೆಯಲ್ಲಿದ್ದ ಒಂದು ಚೀಲದತ್ತ ನೋಡಿದರು. “ಅಲ್ಲೇ ಕುಂದ್ರತಿದ್ರು. ಮಿಷನ್ ನಿಲ್ಲೂ ತನಕ ಕಾಯೋರು. ನನಗ ಗೊತ್ತಿತ್ತು, ಯಾತಕ್ಕ ಬರತಾರ ಅಂತ. ಬೇಕಂತನ ನಿಲ್ಲಸತಿರಲಿಲ್ಲ ನಾ. ನೆಲ್ಲು ಮುಗಿದ್ರೂ ಖಾಲಿ ಓಡಸತಿದ್ದೆ. ನಮ್ ಭಾವ ಬೈತಿದ್ದ, ಖಾಲಿ ಓಡಿಸಿದ್ರ ರಬ್ಬರ್ ರೋಲ್ ಸವೀತಾವ ಅಂತ. ಆದ್ರೂ ಓಡಸತಿದ್ದೆ. ಕಡೀಕ ಎದ್ದು, ಆ ಸದ್ದಿನಾಗ ಏನೋ ಒಂದು ಅಂದು, ಒಂದಿಷ್ಟು ನುಚ್ಚು ತಗೊಂಡು ಬಸ್ಸಿಗೆ ಹೋಗತಿದ್ರು. ಮತ್ತ ಬರತಿದ್ರು.”

ಮಿಷನ್ ಯಾಕೆ ನಿಂತಿತೆಂದು ಹೊರಗಿದ್ದ ಹಮಾಲರು ಬಾಗಿಲಿಗೆ ಬಂದು ನಿಂತರು. ವೀರೇಶಣ್ಣನ ಭಾವನೂ ಬಂದರು. ಇಷ್ಟು ಜನರ ಮುಂದೆ ಮಾತಾಡಲು ನನಗೆ ಬಾಯಿ ಬರಲಿಲ್ಲ. ಹಗಲೆಲ್ಲ ಫೋನಿನಲ್ಲಿ ಎಲ್ಲರ ಮಾತು ಕಡಿಯುವ ಬಾಯಿ ಇದು. ಕೊನೆಗೆ ಸರ್ ಮಂಡಕ್ಕಿ ಅಂಗಡಿಯಲ್ಲಿ ಹೇಳಿದ್ದನ್ನೇ ಹೇಳಿದೆ.

“ತಪ್ಪು ನಿಮ್ದಾಗಿರಲಿಲ್ರಿ ವೀರೇಶಣ್ಣ. ನಮ್ದಾಗಿತ್ತು. ಕಳ್ಳ ಅಂದಿದ್ದು ಸುಳ್ಳು.”

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೀರೇಶಣ್ಣ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು, ಧೂಳಿನ ಮೇಲೆ ಒದ್ದೆ ಗೆರೆಗಳಾದವು. ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟರು, ಆದರೆ ಸ್ವಿಚ್ ಎತ್ತಲಿಲ್ಲ. ನಮ್ಮ ದಂಧೆಯ ಭಾಷೆ ಅವರಿಗೆ ಮರೆತಿರಲಿಲ್ಲ.

“ಮುಟ್ತು ಅಂತ ನಾ ಒಂದು ಮಾತು ಅಂದಿದ್ರ ಸಾಕಿತ್ತು,” ಅಂದರು. “ಅಷ್ಟು ಸಲ ಬರತಿರಲಿಲ್ಲ ಅವ್ರು.”